ಸಿಂಕ್ ಗುಂಡಿಗಿಂತ ಮೊದಲು ಕಿವಿ ಪಳಗಲಿ

ಮಾನ್ಯ ಸಂಪಾದಕರೇ,

ಚೌತಿ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ‘ಡಿಜೆ ನಿಷೇಧ’ ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಡಿಜೆ ಎಂದರೆ ವಾಹನದ ಮೇಲೆ ಪೇರಿಸಿದ ಸ್ಪೀಕರ್ ಪೆಟ್ಟಿಗೆ ಎಂದೇ ಅರ್ಥವಾಗಿಬಿಟ್ಟಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ 2000ನೇ ಇಸವಿಯ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಹೆಸರಿನ ಹಿಂದೆ ಒಂದು ಕಸುಬಿದೆ: ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಲಯಕ್ಕೆ ಕೂಡಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ದಾಟಿಸುವುದು. ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ 1970ರ ಆಸುಪಾಸಿನಲ್ಲಿ, ಸೂಜಿಯಿಟ್ಟು ನುಡಿಸುವ ಎರಡು ರೆಕಾರ್ಡ್‌ಗಳನ್ನು ಹೀಗೆ ಬೆಸೆದು ತೋರಿಸಿದ. ಇಂದು ಲ್ಯಾಪ್‌ಟಾಪ್ ಹಿಡಿದು ಮದುವೆ ಮನೆಗೆ ಹೊರಡುವ ನಮ್ಮ ಹುಡುಗರು ಮೊದಲ ದಿನವೇ ಸಿಂಕ್ ಗುಂಡಿ ಒತ್ತುತ್ತಾರೆ. ಈ ಪತ್ರ ಅವರಿಗಾಗಿ.

ಸಿಂಕ್ ಮಾಡುವುದಿಷ್ಟು: ಹಾಡಿನ ಪೆಟ್ಟುಗಳನ್ನು ಗುರುತಿಸಿ ಸಾಮಾನ್ಯವಾಗಿ ಸಮ ಅಂತರದ ಗೆರೆ ಎಳೆಯುತ್ತದೆ, ಎರಡು ಹಾಡುಗಳ ಗೆರೆಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. ಡ್ರಮ್ ಯಂತ್ರದಿಂದ ಮಾಡಿದ ಹಾಡಿಗೆ ಇದು ಸಾಕು. ನಮ್ಮ ಕಡೆ ಜನ ಕೇಳಿ ಹಾಕಿಸಿಕೊಳ್ಳುವ ಹಳೆಯ ಸಿನಿಮಾ ಹಾಡುಗಳನ್ನು, ಕೊಂಕಣಿ ಹಾಡುಗಳನ್ನು ವಾದ್ಯದವರು ಒಟ್ಟಿಗೆ ಕೂತು ನುಡಿಸಿದ್ದು. ಪಲ್ಲವಿಯಲ್ಲಿ ನಿಮಿಷಕ್ಕೆ 104 ಇದ್ದ ಪೆಟ್ಟು ಚರಣ ಮುಗಿಯುವಾಗ 107ಕ್ಕೆ ಏರಿರಬಹುದು. ಗೆರೆ ಅಲ್ಲಿಗೇ ತಪ್ಪಿತು. ಗುಂಡಿ ನಂಬಿದವನಿಗೆ ಏನಾಯಿತೆಂದೂ ತಿಳಿಯುವುದಿಲ್ಲ. ಕಿವಿ ಪಳಗಿದವನು ಬೆರಳಲ್ಲಿ ಸರಿಪಡಿಸಿಕೊಳ್ಳುತ್ತಾನೆ. ಕಿವಿ ಪಳಗಲು ರೆಕಾರ್ಡಿಗಿಂತ ಒಳ್ಳೆಯ ಗುರುವಿಲ್ಲ, ಏಕೆಂದರೆ ಅಲ್ಲಿ ನೋಡಲು ಪರದೆಯೇ ಇಲ್ಲ.

ಬೇಕಾದದ್ದು ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವ (ಡೈರೆಕ್ಟ್ ಡ್ರೈವ್) ಎರಡು ರೆಕಾರ್ಡ್ ಪ್ಲೇಯರ್, ಅಂದರೆ ಟರ್ನ್‌ಟೇಬಲ್, ಎರಡರ ದನಿಯನ್ನೂ ಬೆರೆಸುವ ಎರಡು ಚಾನೆಲ್ಲಿನ ಮಿಕ್ಸರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಬೆಲ್ಟ್ ಇರುವ ಮನೆಬಳಕೆಯ ಪ್ಲೇಯರ್ ಆಗದು. ಕೈ ತಾಗಿದರೆ ತಟ್ಟೆ ಸೋತು ನಿಧಾನವಾಗುತ್ತದೆ, ಮತ್ತೆ ವೇಗಕ್ಕೆ ಬರಲು ಹೊತ್ತು ತೆಗೆದುಕೊಳ್ಳುತ್ತದೆ. 1972ರಲ್ಲಿ ಬಂದು 1979ರಲ್ಲಿ ಸುಧಾರಿಸಿದ ಟೆಕ್ನಿಕ್ಸ್ ಎಸ್‌ಎಲ್-1200 ಇಂದಿಗೂ ಅಳತೆಗೋಲು. ಅದರ ಪಿಚ್ ಪಟ್ಟಿ ವೇಗವನ್ನು ಶೇ 8ರಷ್ಟು ಏರಿಸುತ್ತದೆ, ಅಷ್ಟೇ ಇಳಿಸುತ್ತದೆ. ಪ್ಲೇಯರಿನ ರಬ್ಬರ್ ಮ್ಯಾಟ್ ತೆಗೆದು, ರೆಕಾರ್ಡನ್ನು ಸುಲಭವಾಗಿ ಜಾರಲು ಬಿಡುವ ಫೆಲ್ಟಿನ ಸ್ಲಿಪ್‌ಮ್ಯಾಟ್ ಹಾಕಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಫೆಲ್ಟ್ ತೇವ ಹೀರಿ ತಟ್ಟೆಗೆ ಅಂಟಿಕೊಳ್ಳುತ್ತದೆ, ರೆಕಾರ್ಡ್ ಹಿಡಿದರೆ ಕೆಳಗಿನ ತಟ್ಟೆಯೂ ನಿಂತ ಹಾಗಾಗುತ್ತದೆ. ಫೆಲ್ಟಿನ ಕೆಳಗೆ ಬಟರ್ ಪೇಪರನ್ನು ದುಂಡಗೆ ಕತ್ತರಿಸಿ ಹಾಕಿದರೆ ನುಣುಪಾಗಿ ಜಾರುತ್ತದೆ.

ಸೂಜಿಯ ತೂಕ ಊಹೆಯಿಂದ ಇಡಬಾರದು. ಸೂಜಿ ಹಿಡಿದ ತೋಳಿನ ಹಿಂತುದಿಯ ತೂಕದ ಗುಂಡು ತಿರುಗಿಸಿ ತೋಳು ಗಾಳಿಯಲ್ಲಿ ಮಟ್ಟಸವಾಗಿ ನಿಲ್ಲುವಂತೆ ಮಾಡಿ, ಅಂಕಿಯ ಬಳೆಯನ್ನು ಸೊನ್ನೆಗೆ ತಂದು, ಆಮೇಲೆ ತಯಾರಕರು ಹೇಳಿದಷ್ಟು ಗ್ರಾಮಿಗೆ ತಿರುಗಿಸಬೇಕು. ಡಿಜೆ ಸೂಜಿಗಳಿಗೆ ಸಾಮಾನ್ಯವಾಗಿ 3 ಗ್ರಾಮಿನ ಆಸುಪಾಸು. ಸೂಜಿ ಹಾರುತ್ತದೆಂದು ಮೇಲೆ ನಾಣ್ಯ ಅಂಟಿಸುವವರಿದ್ದಾರೆ. ಅದು ರೆಕಾರ್ಡಿನಲ್ಲಿ ಹಾಡು ಕೊರೆದಿರುವ ಗೀರನ್ನು ಅಗೆದು ಹಾಕುವ ಕೆಲಸ. ಇನ್ನು ‘ಗುಂಯ್’ ಎಂದರೆ ಅರ್ತ್ ತಂತಿ ಮಿಕ್ಸರಿಗೆ ಕಟ್ಟಿಲ್ಲ. ದನಿ ಸೊಳ್ಳೆಯ ಹಾಗೆ ಕ್ಷೀಣವಾಗಿದ್ದರೆ ಮಿಕ್ಸರಿನಲ್ಲಿ ರೆಕಾರ್ಡ್ ಪ್ಲೇಯರಿಗೆಂದಿರುವ ಫೋನೊ ತೂತಿನ ಬದಲು ಲೈನ್‌ಗೆ ಚುಚ್ಚಿದ್ದೀರಿ.

ಮೊದಲ ತಿಂಗಳು ಒಂದೇ ರೆಕಾರ್ಡಿನ ಎರಡು ಪ್ರತಿ ಸಾಕು. ಆರಂಭದಲ್ಲಿ ಬರೀ ಡ್ರಮ್ ಇರುವ 12 ಇಂಚಿನ ಸಿಂಗಲ್ ಆದರೆ ಉತ್ತಮ. ಒಂದನ್ನು ಹೊರಗೆ ನುಡಿಯಲು ಬಿಡಿ. ಇನ್ನೊಂದರ ಮೊದಲ ಪೆಟ್ಟನ್ನು ಹೆಡ್‌ಫೋನಿನಲ್ಲಿ ಹುಡುಕಿ, ಬೆರಳ ತುದಿಯಿಂದ ರೆಕಾರ್ಡ್ ತಡೆದು ಹಿಂದೆ ಮುಂದೆ ಆಡಿಸಿ. ಕೆಳಗೆ ತಟ್ಟೆ ತಿರುಗುತ್ತಲೇ ಇರಲಿ. ಹೊರಗಿನ ಹಾಡಿನ ಎಣಿಕೆ ‘ಒಂದು’ ಬಂದಾಗ ಕೈ ಬಿಡಿ. ಬರೀ ಬಿಟ್ಟರೆ ಕೂದಲೆಳೆಯಷ್ಟು ತಡವಾಗುತ್ತದೆ, ಮೆಲ್ಲಗೆ ಮುಂದೆ ದೂಡಿ ಬಿಡಬೇಕು. ಹೊರಗಿನ ಸ್ಪೀಕರಿಗೊಂದು ಕಿವಿ, ಹೆಡ್‌ಫೋನಿಗೊಂದು ಕಿವಿ.

ಇನ್ನು ಕಷ್ಟದ ಭಾಗ. ಎರಡು ಪೆಟ್ಟು ಕೂಡಿದ್ದರೆ ‘ಧಂ’ ಎಂದು ಒಂದೇ ಆಗಿ ಕೇಳುತ್ತದೆ. ತುಸು ಜಾರಿದರೆ ‘ದಡಂ ದಡಂ’ ಎಂದು ಕುದುರೆ ಓಟ. ಒಂದು ರೆಕಾರ್ಡಿನ ವೇಗ ನಿಮಿಷಕ್ಕೆ 120 ಪೆಟ್ಟು, ಇನ್ನೊಂದರದ್ದು 121 ಇದೆ ಎನ್ನಿ. ಸೆಕೆಂಡಿಗೆ ಸುಮಾರು 8 ಮಿಲಿಸೆಕೆಂಡಿನಂತೆ ಅವು ದೂರವಾಗುತ್ತವೆ. ನಾಲ್ಕು ಸೆಕೆಂಡಿಗೆ ಕುದುರೆ ಓಡಲು ಶುರು, ಅರ್ಧ ನಿಮಿಷಕ್ಕೆ ಒಂದರ ಪೆಟ್ಟು ಇನ್ನೊಂದರ ನಡುವೆ. ಯಾವುದು ಮುಂದಿದೆಯೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಆಗ ಎರಡನೆಯ ತಟ್ಟೆಯ ಅಂಚನ್ನು ಬೆರಳಿನಿಂದ ಹಗುರವಾಗಿ ಸವರಿ. ಓಟ ನಿಂತರೆ ಅದೇ ಮುಂದಿತ್ತು, ಪಿಚ್ ಪಟ್ಟಿಯನ್ನು ಕೂದಲಷ್ಟು ಇಳಿಸಿ. ಓಟ ಹೆಚ್ಚಾದರೆ ಅದು ಹಿಂದಿದೆ, ನಡುವಿನ ಲೇಬಲ್ ಹಿಡಿದು ಮುಂದೆ ತಿರುವಿ, ಪಟ್ಟಿ ಏರಿಸಿ. ಪೆಟ್ಟನ್ನು ಜಾಗಕ್ಕೆ ತರುವುದು ಬೆರಳು, ವೇಗ ತಿದ್ದುವುದು ಪಟ್ಟಿ. ಎರಡನ್ನೂ ಪಟ್ಟಿಯಿಂದಲೇ ಮಾಡಹೋಗಿ ಇತ್ತ ಅತ್ತ ಜೀಕುತ್ತಾ ಕೂರುವುದೇ ಹೆಚ್ಚಿನವರ ಸೋಲು.

ಒಂದು ನಿಮಿಷ ತಟ್ಟೆ ಮುಟ್ಟದೆ ಪೆಟ್ಟು ಕೂಡಿ ನಿಂತರೆ ಬೇರೆ ಬೇರೆ ರೆಕಾರ್ಡ್‌ಗಳಿಗೆ ಹೋಗಬಹುದು. ವೇಗವನ್ನು ಗಡಿಯಾರ ನೋಡಿ ಎಣಿಸಿ, ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಪೆಟ್ಟಿನ ತಪ್ಪು ನಾಲ್ಕಾಗುತ್ತದೆ, ಹಾಗಾಗಿ ಪೂರ್ತಿ ನಿಮಿಷ ಎಣಿಸುವುದೇ ಲೇಸು. 120ನ್ನು 124ಕ್ಕೆ ತರಲು ಶೇ 3.3 ಏರಿಸಿದರಾಯಿತು. ಶೇ 6 ದಾಟಿದರೆ ಶ್ರುತಿ ಅರ್ಧ ಸ್ವರದಷ್ಟು ಬದಲಾಗಿ ಹಾಡುವವರ ಕಂಠ ಕೀರಲಾಗುತ್ತದೆ.

ಪೆಟ್ಟು ಕೂಡಿದ ಮಾತ್ರಕ್ಕೆ ಹಾಡು ಕೂಡುವುದಿಲ್ಲ. ಭಾಗವತರ ಝಂಪೆಯ ಪದ್ಯಕ್ಕೆ ಮದ್ದಲೆಯವರು ಆದಿತಾಳ ನುಡಿಸಿದರೆ ಹೇಗಿರುತ್ತದೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆರು ಮಾತ್ರೆಯ ದಾದ್ರಾ ನಡೆಯ ಹಾಡನ್ನು ಎಂಟು ಮಾತ್ರೆಯದಕ್ಕೆ ಬೆಸೆಯಲು ಹೋಗಬೇಡಿ. ಒಂದನ್ನು ಮುಗಿಸಿಯೇ ಇನ್ನೊಂದನ್ನು ಹಾಕಿ. ಕುಣಿತದ ರೆಕಾರ್ಡ್‌ಗಳು ಹೆಚ್ಚಾಗಿ 32 ಪೆಟ್ಟುಗಳ ಕಂತಿನಲ್ಲಿ ಸಾಗುತ್ತವೆ, 120ರ ವೇಗದಲ್ಲಿ ಅದು 16 ಸೆಕೆಂಡು. ಹೊಸ ಹಾಡು ಕಂತಿನ ತಲೆಯಲ್ಲೇ ಒಳಬರಬೇಕು. ಬರುವಾಗ ಅದರ ಬಾಸ್ (ತಗ್ಗಿನ ದನಿ) ಪೂರ್ತಿ ಇಳಿದಿರಲಿ. ಮುಂದಿನ ಕಂತಿನ ಮೊದಲ ಪೆಟ್ಟಿಗೆ ಹಳೆಯದರ ಬಾಸ್ ಇಳಿಸಿ, ಹೊಸದರದ್ದನ್ನು ಏರಿಸಿ. ಎರಡೂ ಬಾಸ್ ಒಟ್ಟಿಗಿದ್ದರೆ ಮಿಕ್ಸರಿನ ಕೆಂಪು ದೀಪ ಹತ್ತಿ ದನಿ ಒಡೆಯುತ್ತದೆ.

ಮೈದಾನದಲ್ಲಿ ಎರಡು ಸಂಗತಿ ಕೆಡಿಸುತ್ತವೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ದೊಡ್ಡ ಸ್ಪೀಕರ್ 10 ಮೀಟರ್ ದೂರವಿದ್ದರೆ ನಿಮಗೆ 30 ಮಿಲಿಸೆಕೆಂಡು ತಡವಾಗಿ ಕೇಳುತ್ತದೆ; ಅದಕ್ಕೆ ಹೊಂದಿಸಿದ ಹಾಡು ಜನರಿಗೆ ಕುದುರೆ ಓಟವಾಗಿಯೇ ಕೇಳುತ್ತದೆ. ಪಕ್ಕದಲ್ಲೊಂದು ಚಿಕ್ಕ ಮಾನಿಟರ್ ಸ್ಪೀಕರ್ ಇರಲೇಬೇಕು. ಎರಡನೆಯದು, ಹಲಗೆಯ ವೇದಿಕೆ. ಕುಣಿತಕ್ಕೆ ಹಲಗೆ ಅದುರಿ ಸೂಜಿ ಹಾರುತ್ತದೆ. ಅರ್ಧಕ್ಕೆ ಕೊಯ್ದ ಟೆನಿಸ್ ಚೆಂಡುಗಳ ಮೇಲೆ ಕಡಪ ಕಲ್ಲಿನ ತುಂಡು ಇಟ್ಟು ಅದರ ಮೇಲೆ ಟರ್ನ್‌ಟೇಬಲ್ ಕೂರಿಸಿ. ಅಂಗಳದಲ್ಲಿ ಸಿಗುತ್ತದೆಂದು ಚಿರೆಕಲ್ಲು ತರಬೇಡಿ, ಅದರ ಕೆಂಪು ಹುಡಿ ನೇರ ರೆಕಾರ್ಡಿನ ಗೀರಿಗೆ ಇಳಿಯುತ್ತದೆ.

ಅಭ್ಯಾಸಕ್ಕೆ ದೊಡ್ಡ ದನಿ ಬೇಕಿಲ್ಲ. 85 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ತಾಳುವ ಕಿವಿ 100 ಡೆಸಿಬಲ್ಲನ್ನು ತಾಳುವುದು ಬರೀ 15 ನಿಮಿಷ. ಪಕ್ಕದ ಮನೆಯವರು ದೂರುವ ಮೊದಲೇ ಕಲಿಯುವವನ ಕಿವಿ ಹೋಗಿರುತ್ತದೆ.

ಶಿರಸಿ, ಕುಮಟಾ ಕಡೆಯ ಮನೆಗಳ ಅಟ್ಟದಲ್ಲಿ ಹಳೆಯ ಎಲ್‌ಪಿಗಳಿದ್ದರೆ ಗುಜರಿಗೆ ಹಾಕುವ ಮೊದಲು ಕಲಿಯುವ ಹುಡುಗ ಹುಡುಗಿಯರನ್ನು ನೆನೆಯಿರಿ. ಬೂಸು ಬಂದಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ಗೀರು ಹೋದ ದಿಕ್ಕಿನಲ್ಲೇ ಒರೆಸಿ, ನೆಟ್ಟಗೆ ನಿಲ್ಲಿಸಿಡಿ. 78 ವೇಗದ ಅರಗಿನ ತಟ್ಟೆಗಳನ್ನು ಮಾತ್ರ ಅವರಿಗೆ ಕೊಡಬೇಡಿ. ಅವುಗಳ ಗೀರು ಅಗಲ, ಈ ಸೂಜಿ ಅಲ್ಲಿ ನಿಲ್ಲುವುದಿಲ್ಲ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತದೆ.

– ರೆಕಾರ್ಡ್ ನುಡಿಸುವ ಕೆಲವರು, ಕುಮಟಾ