ಬಲ್ಬು ಉರಿಸಿದ ಹುಡುಗ ಫೇಲ್ ಹೇಗೆ?

ಮಾನ್ಯರೇ,

ಹುಡುಗರನ್ನು ಆರಿಸಿ ಕೆಲಸ ಕಲಿಸುವ ತರಬೇತಿಯ ಉದ್ಘಾಟನೆ ಆಯ್ತು ಅಂತ ಸೋಮವಾರದ ಪೇಪರಲ್ಲಿ ಬಂದ ಸುದ್ದಿ ಓದಿ ತಡೆಯಲಿಕ್ಕಾಗದೆ ಬರೀತಾ ಇದ್ದೇನೆ. ಕಾಸರಗೋಡಿನಲ್ಲಿ ಕೆಲಸ ಗೊತ್ತಿರುವ ಹುಡುಗರೇ ಸಿಗುದಿಲ್ಲ, ಹಾಗಾಗಿ ಕಂಪೆನಿಯವರೇ ಆರಿಸಿ ಕಲಿಸಿ ತಕ್ಕೊಳ್ತಾರೆ ಅಂತ ವೇದಿಕೆಯಲ್ಲಿ ಕೂತವರು ಹೇಳಿದ್ದಾರೆ. ಅದೇ ಆಯ್ಕೆಗೆ ನನ್ನ ಮಗನೂ ಹೋಗಿದ್ದ, ನಾನೂ ಒಟ್ಟಿಗೆ ಇದ್ದೆ.

ಪೆರ್ಲದಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬದಿಯಡ್ಕ, ಚೆರ್ಕಳ ದಾಟುವಾಗ ಮೈಯೆಲ್ಲ ಧೂಳು, ಅಲ್ಲಿ ಹೋದ್ರೆ ಹನ್ನೊಂದು ಗಂಟೆವರೆಗೆ ಬಾಗಿಲೇ ತೆಗೆಯಲಿಲ್ಲ. ಮಗ ಎರಡು ವರ್ಷ ಐಟಿಐಯಲ್ಲಿ ಇಲೆಕ್ಟ್ರಿಶಿಯನ್ ಕಲಿತವ. ಒಂದು ಮರದ ಬೋರ್ಡು, ಎರಡು ಟೂ ವೇ ಸ್ವಿಚ್, ಒಂದು ಹೋಲ್ಡರ್ ಕೊಟ್ಟು ಮೆಟ್ಟಿಲಿನ ವಯರಿಂಗ್ ಮಾಡು ಅಂದ್ರು. ಮಾಡಿದ. ಕೆಳಗಿನ ಸ್ವಿಚ್ ಹಾಕಿದ್ರೂ ಉರಿಯಿತು, ಮೇಲಿನದ್ದು ಹಾಕಿದ್ರೂ ಉರಿಯಿತು, ನೋಡ್ತಿದ್ದ ಮೇಷ್ಟ್ರು ಒಮ್ಮೆ ಇವನ ಬೆನ್ನು ತಟ್ಟಿದ್ದೂ ಉಂಟು. ಆಮೇಲೆ ಒಂದು ಪ್ರಶ್ನೆಪತ್ರಿಕೆ ಕೊಟ್ರು, ತುದಿಯಿಂದ ಬುಡದವರೆಗೆ ಬರೇ ಮಲಯಾಳಂ. ಇವ ಒಂದರಿಂದ ಹತ್ತನೇವರೆಗೆ ಕನ್ನಡ ಮೀಡಿಯಂ. ಮಲಯಾಳಂ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ತಡವರಿಸ್ತಾನೆ. ಕನ್ನಡದ್ದು ಉಂಟಾ, ಇಂಗ್ಲಿಷಾದ್ರೂ ಉಂಟಾ ಅಂತ ಕೇಳಿದ್ದಕ್ಕೆ ಕೌಂಟರಿನವರು ತಲೆ ಎತ್ತದೆ ಹೇಳಿದ್ದು, "ಮಲಯಾಳಂ ಪಠಿಚ್ಚಿಟ್ಟು ವಾ," ಅಂದ್ರೆ ಮಲಯಾಳಂ ಕಲಿತು ಬಾ ಅಂತ. ಸಂಜೆ ಪಟ್ಟಿ ಹಾಕಿದ್ರು, ಹೆಸರಿಲ್ಲ. ಬರುವಾಗ ಬಸ್ಸಲ್ಲಿ ಮಗ ಒಂದು ಮಾತು ಆಡಲಿಲ್ಲ.

ಈಗ ಹೇಳಿ, ಹುಡುಗರು ಸಿಗುದಿಲ್ವಾ, ಇವರಿಗೆ ಬೇಡವಾ? ಮತ್ತೆ ಇದೇನು ದಾನ ಅಲ್ಲ. 1961ರ ಅಪ್ರೆಂಟಿಸ್ (ಕೆಲಸದಲ್ಲೇ ಇದ್ದು ಕಲಿಯುವವರ) ಕಾನೂನು ಉಂಟು, 30 ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಅಪ್ರೆಂಟಿಸ್ ತಕ್ಕೊಳ್ಳಲೇಬೇಕು. ಅದನ್ನು ನೋಡಿಕೊಳ್ಳಬೇಕಾದ ಅಧಿಕಾರಿಗಳು ಉದ್ಘಾಟನೆಗೆ ಬಂದು ಫೋಟೋ ಹೊಡೆಸಿಕೊಂಡು ಹೋಗ್ತಾರೆ.

ಇದು ಇವತ್ತಿನ ಕಥೆಯೂ ಅಲ್ಲ. ಕೇರಳದ 1969ರ ಭಾಷಾ ಕಾನೂನಿನಲ್ಲಿ ಕನ್ನಡದವರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಉಂಟು. ನಾನು ತೋಟದ ಹದ್ದುಬಸ್ತಿಗೆ ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಬಂದ ಉತ್ತರ ಓದಿಸಲಿಕ್ಕೆ ಪಕ್ಕದ ಮನೆಯ ಟೀಚರ ಹತ್ರ ಹೋಗಬೇಕಾಯ್ತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕ್ತಾರೆ, ಮಕ್ಕಳು ಗೇಟಿನಲ್ಲಿ ಕೂತು ಪ್ರತಿಭಟನೆ ಮಾಡಬೇಕು. ಎಲ್ಲಾ ಒಂದೇ ಕಡೆಯಿಂದ ಬರುವ ರೋಗ.

ನಿಜವಾಗಿ ಇಲ್ಲಿ ಎಂತ ಕೆಲಸಕ್ಕೆ ಜನ ಬೇಕು ಅಂತ ಯಾರಾದ್ರೂ ಮನೆ ಮನೆಗೆ ಬಂದು ಕೇಳಿದ್ದಾರಾ? ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವ ಇಲ್ಲ, ಅಡಿಕೆ ಗೊನೆ ತೆಗೆಯುವವ ಇಲ್ಲ. ಬೋರ್ಡೋ, ಅಂದ್ರೆ ಮೈಲುತುತ್ತು ಸುಣ್ಣ ಬೆರೆಸಿದ ಮದ್ದು, ಮಾಡಿ ಇಟ್ಟುಕೊಳ್ಳಲಿಕ್ಕಾಗುದಿಲ್ಲ, ಮಾಡಿದ ದಿನವೇ ಬಿಡಬೇಕು, ಮರ ಹತ್ತುವವ ಬರಲಿಲ್ಲ ಅಂದ್ರೆ ಡ್ರಮ್ಮೇ ಹಾಳು, ಕೊಳೆರೋಗಕ್ಕೆ ಕಾಯಿ ಉದುರುದು ನೋಡಿಕೊಂಡು ಕೂರಬೇಕು. ನೆಲದಲ್ಲೇ ನಿಂತು ಮದ್ದು ಬಿಡುವ, ಗೊನೆ ತೆಗೆಯುವ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಹಿಡಿಯಲಿಕ್ಕೆ ನಾಲ್ಕು ದಿನ ಕನ್ನಡದಲ್ಲಿ ಕಲಿಸಿದ್ರೆ ನಮ್ಮ ಹುಡುಗರು ಗಲ್ಫಿಗೆ, ಮಂಗಳೂರಿಗೆ ಯಾಕೆ ಓಡ್ತಾರೆ?

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಕೊಡಲಿ, ಆಗದಿದ್ರೆ ಮೊದಲೇ ಮಲಯಾಳಂ ಆದ್ರೂ ಸರಿಯಾಗಿ ಕಲಿಸಲಿ, ಆ ದಿನ ಬಂದು ಹಿಂದೆ ಹೋದವರನ್ನೆಲ್ಲ ಪುನಃ ಕರೆಯಲಿ. ಜಿಲ್ಲಾಡಳಿತದವರು, ಗೆದ್ದು ಹೋದ ಮೇಲೆ ಈ ಕಡೆ ಮುಖ ಹಾಕದ ಜನಪ್ರತಿನಿಧಿಗಳು, ಯಾರಿಗೆ ಸಂಬಂಧ ಉಂಟೋ ಅವರು ಸ್ವಲ್ಪ ನಾಚಿಕೆ ಇಟ್ಟುಕೊಂಡು ಏನಾದ್ರೂ ಮಾಡಲಿ.

— ಒಬ್ಬ ಕೃಷಿಕ, ಪೆರ್ಲ