ಇನ್ನು ಡ್ರೋನ್ ಬಾಡಿಗೆಗೆ ಇಬ್ಬರು ಬರಬೇಕು: ನಮ್ಮ ಗ್ರಾಹಕರಿಗೆ ಪತ್ರ

ಗ್ರಾಹಕ ಮಿತ್ರರೇ, ನಮಸ್ಕಾರ.

ನವೆಂಬರ್ 1ರಿಂದ ನಮ್ಮ ಅಂಗಡಿಯ ಯಾವ ಡ್ರೋನನ್ನೂ ಒಬ್ಬರೇ ಬಂದರೆ ಬಾಡಿಗೆಗೆ ಕೊಡುವುದಿಲ್ಲ. ಒಬ್ಬರು ಹಾರಿಸಬೇಕು, ಇನ್ನೊಬ್ಬರು ಆಕಾಶ ನೋಡಬೇಕು. 250 ಗ್ರಾಮಿಗಿಂತ ಹಗುರವಾದ ಮಿನಿ ಡ್ರೋನುಗಳಿಗೆ ಈ ನಿಯಮ ಮೊದಲಿನಿಂದಲೂ ಇದೆ. ವಿಮಾನ ಹತ್ತಿರ ಬಂದರೆ ಎಚ್ಚರಿಸುವ ದೊಡ್ಡ ಡ್ರೋನುಗಳನ್ನು ಮಾತ್ರ ಇಲ್ಲಿಯವರೆಗೆ ಒಬ್ಬರ ಕೈಗೂ ಕೊಡುತ್ತಿದ್ದೆವು. ಇನ್ನು ಅವಕ್ಕೂ ಅದೇ ನಿಯಮ. ವಿಷಯ ಕಿವಿಗೆ ಬಿದ್ದ ಕೆಲವರು ಕೌಂಟರಿನಲ್ಲೇ ಕೇಳಿದ್ದಾರೆ: "ಮಿಷಿನ್ನೇ ಹೇಳ್ತದ ಅಂದಮ್ಯಾಲೆ ಇನ್ನೊಬ್ರು ಯಾಕ್ ಬೇಕ್ರಿ?" ಕೇಳಬೇಕಾದ ಪ್ರಶ್ನೆಯೇ. ಗಿರಾಕಿ ನಿಂತಿರುವಾಗ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಆ ಎಚ್ಚರಿಕೆ ಎಲ್ಲಿಂದ ಬರುತ್ತದೆ ನೋಡಿ. ಪ್ರಯಾಣಿಕರ ವಿಮಾನ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಯಾವ ಕಡೆ ಎಷ್ಟು ವೇಗದಲ್ಲಿ ಹೊರಟಿದ್ದೇನೆ ಎಂಬುದನ್ನು 1090 ಮೆಗಾಹರ್ಟ್ಸ್ ರೇಡಿಯೊ ತರಂಗದಲ್ಲಿ ತಾನೇ ಸಾರುತ್ತ ಹೋಗುತ್ತದೆ. ಸ್ಥಾನದ ಸುದ್ದಿಯಂತೂ ಸೆಕೆಂಡಿಗೆ ಸುಮಾರು ಎರಡು ಸಲ ಹೊರಡುತ್ತದೆ. ಈ ವ್ಯವಸ್ಥೆಗೆ ಎಡಿಎಸ್-ಬಿ ಎನ್ನುತ್ತಾರೆ. ಡ್ರೋನಿನೊಳಗಿನ ಪುಟ್ಟ ರಿಸೀವರ್ ಅದನ್ನು ಹಿಡಿದು, ವಿಮಾನ ನಿಮ್ಮತ್ತ ಬರುವಂತಿದ್ದರೆ ಕಂಟ್ರೋಲರಿನ ಪರದೆಯಲ್ಲಿ ತೋರಿಸುತ್ತದೆ, ಬೀಪ್ ಹೊಡೆಯುತ್ತದೆ. ಡಿಜೆಐ ಕಂಪನಿ ಇದಕ್ಕೆ ಏರ್‌ಸೆನ್ಸ್ ಎಂದು ಹೆಸರಿಟ್ಟಿದೆ. 2020ರಿಂದ ಬರುವ 250 ಗ್ರಾಮಿಗೆ ಮೇಲ್ಪಟ್ಟ ತನ್ನ ಎಲ್ಲ ಡ್ರೋನುಗಳಲ್ಲೂ ಇದನ್ನು ಕೊಡುವುದಾಗಿ 2019ರಲ್ಲೇ ಹೇಳಿತ್ತು. ಆದರೂ ಸ್ವಂತ ಡ್ರೋನ್ ಇಟ್ಟುಕೊಂಡವರು ಇದೆಯೋ ಇಲ್ಲವೋ ಒಮ್ಮೆ ಖಚಿತ ಮಾಡಿಕೊಳ್ಳಿ. ಮಾವಿಕ್ ಏರ್ 2 ಮಾರುಕಟ್ಟೆಗೆ ಬಂದಾಗ ಉತ್ತರ ಅಮೆರಿಕದಲ್ಲಿ ಮಾರಿದವುಗಳಲ್ಲಿ ಮಾತ್ರ ರಿಸೀವರ್ ಇತ್ತು.

ಇದು ಬರೀ ಕೇಳಿಸಿಕೊಳ್ಳುವ ಉಪಕರಣ. ನಿಮ್ಮ ಡ್ರೋನ್ ತನ್ನ ಇರುವಿಕೆಯನ್ನು ವಿಮಾನಕ್ಕೆ ತಿಳಿಸುವುದಿಲ್ಲ, ಪೈಲಟ್‌ಗೆ ನೀವು ಅಲ್ಲಿರುವುದೇ ಗೊತ್ತಿರುವುದಿಲ್ಲ. ಇನ್ನು ಸಾರದೆ ಹಾರುವ ವಿಮಾನವಿದ್ದರೆ ನಿಮಗೂ ಗೊತ್ತಾಗುವುದಿಲ್ಲ. ಪರದೆ ಖಾಲಿ ಇದೆ, ಆಕಾಶವೂ ಖಾಲಿ ಇರಬೇಕು ಎಂದುಕೊಳ್ಳುವುದು, ಹಾರ್ನ್ ಕೇಳಿಸಲಿಲ್ಲವೆಂದು ಕಣ್ಣು ಮುಚ್ಚಿ ಹುಮನಾಬಾದ್ ರಸ್ತೆ ದಾಟಿದ ಹಾಗೆ.

ಬೇರೆ ಊರಿನಲ್ಲಾದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ. ನಮ್ಮ ನೆರೆಯಲ್ಲಿ ಬೀದರ್ ವಾಯುಪಡೆ ನೆಲೆ ಇದೆ. ಫೈಟರ್ ಪೈಲಟ್‌ಗಳಾಗುವವರು ಹಾಕ್ ಜೆಟ್‌ಗಳಲ್ಲಿ ತರಬೇತಿ ಪಡೆಯುವುದು ಅಲ್ಲಿ, ಆಕಾಶದಲ್ಲಿ ಕಸರತ್ತು ತೋರಿಸುವ ಒಂಬತ್ತು ವಿಮಾನಗಳ ಸೂರ್ಯಕಿರಣ ತಂಡದ ಮನೆಯೂ ಅದೇ. ಸೇನಾ ವಿಮಾನಗಳು ಪ್ರಯಾಣಿಕರ ವಿಮಾನಗಳಂತೆ ಯಾವಾಗಲೂ ತಮ್ಮ ಸ್ಥಾನ ಸಾರುತ್ತಲೇ ಹಾರಬೇಕೆಂದಿಲ್ಲ. ಬೇರೆ ಹಲವು ದೇಶಗಳಲ್ಲೂ ಹಾಗಿಲ್ಲ, ಇರಬೇಕೆಂದು ಕೇಳುವುದೂ ಸರಿಯಲ್ಲ. ಸೆಪ್ಟೆಂಬರಿನಲ್ಲಿ ಬೀದರ್ ಜಿಲ್ಲೆಯ ಕಾರಂಜಾ ಹಿನ್ನೀರಿನ ಹತ್ತಿರ ಕೆಲವು ಹೊಸಬರಿಗೆ ಹಾರಿಸುವುದನ್ನು ಕಲಿಸುತ್ತಿದ್ದೆವು. ಡ್ರೋನ್ 40 ಮೀಟರ್ ಎತ್ತರದಲ್ಲಿತ್ತು. ಪರದೆಯ ಮೂಲೆಯಲ್ಲಿ ಒಂದೇ ಒಂದು ವಿಮಾನದ ಗುರುತು, ಬಹಳ ಮೇಲೆ ಹೈದರಾಬಾದ್ ಕಡೆಗೆ ಸಾಗುವಂಥದ್ದು. ಎರಡು ಜೆಟ್‌ಗಳು ಜೋಡಿಯಾಗಿ ಬೆಟ್ಟದ ಸಾಲಿನ ಆಚೆಯಿಂದ ಹಾದುಹೋದವು. ನಮ್ಮಿಂದ ದೂರವಿದ್ದವು, ಅಪಾಯವೇನೂ ಇರಲಿಲ್ಲ. ಆದರೆ ಪರದೆಯಲ್ಲಿ ಇದ್ದದ್ದು ಆ ಮೇಲಿನ ಒಂದೇ ಗುರುತು. ಕಲಿಯುತ್ತಿದ್ದ ಹುಡುಗ ಒಮ್ಮೆ ಮೇಲೆ, ಒಮ್ಮೆ ಪರದೆ ನೋಡಿ, "ಇದು ಬಂದ್ ಬಿದ್ದದೇನ್ರಿ?" ಎಂದ. ಮಿಷಿನ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಕಿವಿ ಇದೆಯಲ್ಲ, ಸದ್ದು ಕೇಳಿದ ಮೇಲೆ ಇಳಿಸಿದರಾಯಿತು ಎನ್ನುವವರು ಈ ಲೆಕ್ಕ ನೋಡಿ. ಗಂಟೆಗೆ 700 ಕಿ.ಮೀ. ವೇಗದ ಜೆಟ್ ಸೆಕೆಂಡಿಗೆ ಸುಮಾರು 194 ಮೀಟರ್ ದಾಟುತ್ತದೆ. ಅದು 3 ಕಿ.ಮೀ. ದೂರದಲ್ಲಿದ್ದಾಗ ಹೊರಟ ಸದ್ದು ನಿಮ್ಮ ಕಿವಿ ಮುಟ್ಟಲು ಸುಮಾರು 9 ಸೆಕೆಂಡು ಬೇಕು, ಅಷ್ಟರಲ್ಲಿ ಜೆಟ್ ಇನ್ನೂ ಒಂದೂಮುಕ್ಕಾಲು ಕಿ.ಮೀ. ಹತ್ತಿರ ಬಂದಿರುತ್ತದೆ. ಉಳಿದ ದೂರಕ್ಕೆ ಅದಕ್ಕೆ ಏಳು ಸೆಕೆಂಡು ಸಾಕು. ನಿಮ್ಮ ಡ್ರೋನ್ 120 ಮೀಟರ್ ಮೇಲಿದ್ದರೆ, ಸೆಕೆಂಡಿಗೆ 5 ಮೀಟರಿನಂತೆ ಇಳಿದರೂ ನೆಲ ಮುಟ್ಟಲು 24 ಸೆಕೆಂಡು. ದೂರದಲ್ಲಿ ಕಪ್ಪು ಚುಕ್ಕೆಯಾಗಿರುವಾಗಲೇ ಯಾರಾದರೂ ನೋಡಿ ಹೇಳಿದರಷ್ಟೇ ಸಮಯ ಸಿಗುತ್ತದೆ. ಹಾರಿಸುವವರ ಕಣ್ಣು ಪರದೆಯ ಮೇಲಿರುತ್ತದೆ, ಅದು ತಪ್ಪುವುದಿಲ್ಲ, ಒಳ್ಳೆಯ ಶಾಟ್ ಬೇಕೆಂದರಂತೂ ಇನ್ನೂ ಹೆಚ್ಚು.

ಹೊರದೇಶದ ಎರಡು ಘಟನೆ ನೆನಪಿಸುತ್ತೇವೆ. 2017ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಹತ್ತಿರ ಅಮೆರಿಕದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಒಬ್ಬ ಹವ್ಯಾಸಿಯ ಫ್ಯಾಂಟಮ್ 4 ಡ್ರೋನ್ ಡಿಕ್ಕಿ ಹೊಡೆಯಿತು. ಡ್ರೋನ್ ಅವನ ಕಣ್ಣಳತೆ ಮೀರಿ, ಸುಮಾರು 4 ಕಿ.ಮೀ. ದೂರದಲ್ಲಿತ್ತು. ತನಿಖೆಯವರು ಸಂಪರ್ಕಿಸುವವರೆಗೆ ಡಿಕ್ಕಿಯಾದದ್ದೇ ಅವನಿಗೆ ತಿಳಿದಿರಲಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಕಾಳ್ಗಿಚ್ಚು ಆರಿಸುತ್ತಿದ್ದ ವಿಮಾನಕ್ಕೆ ಇನ್ನೊಬ್ಬ ಹವ್ಯಾಸಿಯ ಡ್ರೋನ್ ಬಡಿದು ರೆಕ್ಕೆಯಲ್ಲಿ ಸುಮಾರು 3 ಇಂಚು ಅಗಲ, 6 ಇಂಚು ಉದ್ದದ ತೂತಾಯಿತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನವನ್ನು ರಿಪೇರಿಗೆ ನಿಲ್ಲಿಸಬೇಕಾಯಿತು. ಅಲ್ಲೂ ಹಾರಿಸಿದಾತನಿಗೆ ಡ್ರೋನ್ ಕಾಣುತ್ತಿರಲಿಲ್ಲ.

ಜೆಟ್ ಬಿಡಿ, ಹೆಲಿಕಾಪ್ಟರಿನ ಕಥೆ ಇನ್ನೂ ಹತ್ತಿರದ್ದು. ಚುನಾವಣೆ ಬಂದರೆ ಯಾವುದೋ ಶಾಲೆಯ ಮೈದಾನದಲ್ಲಿ ರಾತ್ರೋರಾತ್ರಿ ಸುಣ್ಣದ ‘ಎಚ್’ ಬೀಳುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಮುಖ್ಯಮಂತ್ರಿಗಳು ವೈಮಾನಿಕ ಸಮೀಕ್ಷೆಗೆ ಬಂದಿದ್ದರು. ನೆರೆ ವೀಕ್ಷಣೆಯ ಹೆಲಿಕಾಪ್ಟರ್ ತಗ್ಗಿನಲ್ಲೇ ಹಾರುತ್ತದೆ. ಅದೇ ನೆರೆಯ ವಿಡಿಯೊ ಮಾಡಲು ನಮ್ಮಲ್ಲಿ ಡ್ರೋನ್ ಕೇಳುವವರೂ ಆ ದಿನಗಳಲ್ಲೇ ಹೆಚ್ಚು. ನೆರೆ ಇರುವ ತಾಲ್ಲೂಕಿಗೆ ಇನ್ನು ಮುಂದೆ ಇಬ್ಬರು ಬಂದರೂ ಕೊಡುವುದಿಲ್ಲ.

ಮೊಬೈಲಿನಲ್ಲಿ ವಿಮಾನ ತೋರಿಸುವ ಆಪ್ ನೋಡಿಕೊಂಡು ಹಾರಿಸುವವರಿಗೂ ಒಂದು ಮಾತು. ಆ ಆಪ್‌ಗಳಿಗೆ ಸುದ್ದಿ ಬರುವುದು ಹೆಚ್ಚಾಗಿ ನೆಲದ ಮೇಲಿನ ರಿಸೀವರುಗಳಿಂದ. ಈ ತರಂಗ ನೇರ ದೃಷ್ಟಿಯಲ್ಲಿ ಸಾಗುವುದರಿಂದ ಹತ್ತಿರದಲ್ಲಿ ರಿಸೀವರ್ ಇಲ್ಲದ ಕಡೆ ತಗ್ಗಿನಲ್ಲಿ ಹಾರುವುದು ಕಾಣದೇ ಹೋಗಬಹುದು. ಅಲ್ಲಿ ಬರುವ ಎತ್ತರವೂ ನೆಲದಿಂದ ಅಳೆದದ್ದಲ್ಲ, ಸಮುದ್ರಮಟ್ಟದ ಮಾನಕ ಗಾಳಿಯೊತ್ತಡದಿಂದ ಅಳೆದದ್ದು. ಕಲಬುರಗಿ ಇರುವುದೇ ಸುಮಾರು 1,500 ಅಡಿ ಎತ್ತರದಲ್ಲಿ. ಆಪ್ 2,000 ಅಡಿ ಎಂದರೆ ವಿಮಾನ ನಿಮ್ಮ ತಲೆಯಿಂದ ಸುಮಾರು 500 ಅಡಿ ಮೇಲಿದೆ ಎಂದರ್ಥ. ಡ್ರೋನ್ ಮಾತ್ರ ತಾನು ಎದ್ದ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಜೊತೆಗಾರರಿಗೆ ಪರೀಕ್ಷೆಯಿಲ್ಲ, ಸರ್ಟಿಫಿಕೇಟ್ ಬೇಡ. ಹದಿನೆಂಟು ತುಂಬಿರಬೇಕು, ಡ್ರೋನ್ ಮೇಲಿರುವಷ್ಟು ಹೊತ್ತು ಫೋನು ಜೇಬಿನಲ್ಲಿರಬೇಕು. ರೀಲ್ಸ್ ಮಾಡಲು ಬಂದವರನ್ನು ಜೊತೆಗಾರರೆಂದು ಒಪ್ಪುವುದಿಲ್ಲ, ಅವರು ಮೂರನೆಯವರಾಗಿ ಬರಲಿ. ಹಾರಿಸುವವರ ಪಕ್ಕದಲ್ಲೇ, ಮಾತು ಕೇಳುವಷ್ಟು ಹತ್ತಿರ ನಿಂತು, ಡ್ರೋನನ್ನಷ್ಟೇ ನೋಡದೆ ಸುತ್ತಲಿನ ಆಕಾಶ ನೋಡುತ್ತಿರಬೇಕು. ಏನಾದರೂ ಕಂಡರೆ ‘ಇಳಿಸು’ ಎಂದರೆ ಸಾಕು. ಯಾವ ವಿಮಾನ, ಎಲ್ಲಿಂದ ಬಂತು ಎಂಬ ಚರ್ಚೆ ನೆಲದ ಮೇಲೆ ಆಗಲಿ. ಆಗ ಹಾರಿಸುವವರು ಕಂಟ್ರೋಲರಿನಲ್ಲಿ ಡ್ರೋನನ್ನು ಏರಿಸಿ ಇಳಿಸುವ ಕೋಲನ್ನು ನೇರ ಕೆಳಕ್ಕೆ ಎಳೆಯಬೇಕು. ಗಾಬರಿಯಲ್ಲಿ ‘ರಿಟರ್ನ್ ಟು ಹೋಮ್’ ಗುಂಡಿ ಒತ್ತಬೇಡಿ. ಡ್ರೋನ್ ದೂರದಲ್ಲಿದ್ದರೆ ಆ ಗುಂಡಿ ಅದನ್ನು ಮೊದಲು ನಿಗದಿಯಾದ ಎತ್ತರಕ್ಕೆ ಏರಿಸಿ, ಆಮೇಲೆ ವಾಪಸ್ ತರುತ್ತದೆ. ಇಳಿಯಬೇಕಾದ ಹೊತ್ತಿನಲ್ಲಿ ಏರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕಲಿಸುವಾಗ ಹತ್ತರಲ್ಲಿ ಎಂಟು ಮಂದಿಯ ಬೆರಳು ಮೊದಲು ಹೋಗುವುದು ಅದೇ ಗುಂಡಿಗೆ, ಹಾಗಾಗಿ ಕೊಡುವ ಮುಂಚೆ ಹಿತ್ತಲಲ್ಲಿ ಒಮ್ಮೆ ಅಭ್ಯಾಸ ಮಾಡಿಸಿಯೇ ಕಳಿಸುತ್ತೇವೆ.

ಬೀದರ್ ಜಿಲ್ಲೆಗೆ ಒಯ್ಯುವ ಡ್ರೋನುಗಳ ಎತ್ತರದ ಮಿತಿಯನ್ನು 60 ಮೀಟರಿಗೆ ಇಟ್ಟು ಕೊಡುತ್ತೇವೆ. ಇದು ಸರ್ಕಾರದ್ದಲ್ಲ, ನಮ್ಮ ನಿಯಮ. ಸರ್ಕಾರದ 2021ರ ಡ್ರೋನ್ ನಿಯಮಗಳು ಅನುಮತಿ ಬೇಡದ ಹಸಿರು ವಲಯದಲ್ಲಿ 120 ಮೀಟರ್, ವಿಮಾನ ನಿಲ್ದಾಣದ ಗಡಿಯಿಂದ 8 ರಿಂದ 12 ಕಿ.ಮೀ. ನಡುವೆ 60 ಮೀಟರ್ ಎನ್ನುತ್ತವೆ. ಅದಕ್ಕೂ ಹತ್ತಿರವಾದರೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನಮ್ಮ ವಿಮಾನ ನಿಲ್ದಾಣ ಶ್ರೀನಿವಾಸ ಸರಡಗಿಯಲ್ಲಿದೆ, ಆದ್ದರಿಂದ ಸೇಡಂ ರಸ್ತೆಯ ಕಡೆ ಹೊರಟವರು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಕಾರು ಹತ್ತಬೇಡಿ. ಆ ದಿನ ವಿಮಾನ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಯಮ ಬದಲಾಗುವುದಿಲ್ಲ.

ಬಾಡಿಗೆ ದರ ಏರಿಸಿಲ್ಲ. ರಿಸೀವರ್ ಇರುವ ಡ್ರೋನಿಗೆ ಠೇವಣಿ ಮಾತ್ರ ಮಿನಿಗಿಂತ ಹೆಚ್ಚೇ ಇರುತ್ತದೆ. 2022ರ ಫೆಬ್ರುವರಿಯಲ್ಲಿ ಡ್ರೋನ್ ಆಮದು ನಿಷೇಧವಾಯಿತು, ನಮ್ಮಲ್ಲಿರುವವು ಅದಕ್ಕೂ ಹಿಂದಿನವು, ಒಂದು ಕೆರೆಗೆ ಬಿದ್ದರೆ ಅಂಥದ್ದೇ ಇನ್ನೊಂದು ತರುವುದು ಸುಲಭವಿಲ್ಲ. ಜೊತೆಗೆ ಬರಲು ಯಾರೂ ಸಿಗದಿದ್ದರೆ ನಮ್ಮ ಹುಡುಗರಲ್ಲಿ ಒಬ್ಬರನ್ನು ಕಳಿಸುತ್ತೇವೆ, ದಿನಕ್ಕೆ 400 ರೂಪಾಯಿ ಮತ್ತು ಊಟ. ಹಿಂದಿನ ದಿನ ಸಂಜೆ ಆರರೊಳಗೆ ಹೇಳಿ, ಭಾನುವಾರಕ್ಕಾದರೆ ಶುಕ್ರವಾರವೇ ಹೇಳಿಬಿಡಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೂ ನಾರಾಯಣಪುರ ಡ್ಯಾಮಿನ ಕಡೆಗೂ ಹೋಗಲು ಹುಡುಗರು ತಾವೇ ಮುಂದೆ ಬರುತ್ತಾರೆ, ಬಿಸಿಲಿನ ಹೊಲಕ್ಕೆ ಕರೆದರೆ ಸ್ವಲ್ಪ ಪುಸಲಾಯಿಸಬೇಕು.

ನವೆಂಬರಿನ ದಿನಗಳಿಗೆ ಒಬ್ಬರೇ ಹೋಗುವುದೆಂದು ಈಗಾಗಲೇ ಮುಂಗಡ ಕೊಟ್ಟವರಿಗೆ ಎರಡು ದಾರಿಗಳಿವೆ. ಮೊದಲ ಸಲ ನಮ್ಮ ಹುಡುಗ ಬಂದದ್ದಕ್ಕೆ ಹಣ ಕೇಳುವುದಿಲ್ಲ. ಬೇಡವೆಂದರೆ ರಸೀದಿ ತನ್ನಿ, ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.

ಇಂತಿ ನಿಮ್ಮ,
ಅಂಗಡಿಯ ಬಳಗ, ಕಲಬುರಗಿ