ಅವನ ಕೈಯಿಂದ ಶುರುಮಾಡು

ಪ್ರೀತಿಯ ತಂಗಿಗೆ,

ನಿನ್ನ ಕರಡನ್ನು ಎರಡು ಸಲ ಓದಿದೆ. ತಾನು ಪ್ರೀತಿಸಿದ, ಈಗ ಜೊತೆಗಿಲ್ಲದ ಗಂಡಸರ ಭಾವಚಿತ್ರಗಳನ್ನೇ ವರ್ಷಗಟ್ಟಲೆ ಬರೆಯುತ್ತಿರುವ ಕಲಾವಿದೆಯ ಬಗ್ಗೆ ನೀನು ಬರೆಯಲು ಹೊರಟಿದ್ದು ತುಂಬ ಖುಷಿಯಾಯಿತು. ಆದರೆ ಮೊದಲ ಮೂರು ಪುಟದ ತುಂಬ ಅವರು ಯಾರು, ಯಾರು ಮೋಸ ಮಾಡಿದರು, ಯಾರು ಹೇಳದೆ ಹೋದರು ಎಂಬುದೇ ಇದೆ. ನಾಲ್ಕನೇ ಪುಟದಲ್ಲಿ, ಆಕೆಯ ಒಂದು ಚಿತ್ರದಲ್ಲಿ ಒಬ್ಬಾತ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾನೆ, ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ಸವೆದಿದೆ ಎಂದು ಬರೆದಿದ್ದೀಯ. ಅಲ್ಲಿಂದ ಶುರುಮಾಡು.

ನಿನ್ನ ವಯಸ್ಸಿನಲ್ಲಿ ನಾನೂ ಒಬ್ಬ ಕಲಾವಿದೆಯ ಬಗ್ಗೆ ಹೀಗೇ ಬರೆದಿದ್ದೆ. ಅಚ್ಚಾದ ಮೇಲೆ ಅವರು ಓದಿ, "ನನ್ನ ಸಂಸಾರವೆಲ್ಲ ಬಂದಿದೆ, ಚಿತ್ರದ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಅಮ್ಮ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಫ್ರಾನ್ಸಿನ ಕಲಾವಿದೆ ಸುಸಾನ್ ವಲಾಡೋನ್ ಚಿತ್ರ ಸಿಕ್ಕರೆ ಹುಡುಕಿ ನೋಡು. ರೆನ್ವಾ, ತುಲೂಸ್ ಲೊತ್ರೆಕ್ ಅಂಥ ಚಿತ್ರಕಾರರ ಮುಂದೆ ರೂಪದರ್ಶಿಯಾಗಿ ಕೂತವಳು, ಆಮೇಲೆ ತಾನೇ ಕುಂಚ ಹಿಡಿದಳು. 1909ರಲ್ಲಿ ತನ್ನನ್ನೂ, ತನಗಿಂತ 21 ವರ್ಷ ಚಿಕ್ಕವನಾದ ಪ್ರಿಯಕರ ಆಂದ್ರೆ ಉಟ್ಟರ್‌ನನ್ನೂ ಆಡಂ ಮತ್ತು ಈವ್ ಆಗಿ ಬೆತ್ತಲೆ ಬರೆದಳು. ಮುಂದೆ ಪ್ರದರ್ಶನಕ್ಕಿಡುವಾಗ ಆಡಂನ ಸೊಂಟಕ್ಕೆ ಎಲೆಗಳ ಮಾಲೆ ಬಂತು. ಈವ್ ಹಾಗೆಯೇ ಉಳಿದಳು. ಹೆಣ್ಣಿನ ಮೈಯನ್ನು ಎಷ್ಟು ನೋಡಿದರೂ ನಡೆಯುತ್ತಿತ್ತು, ಒಬ್ಬಳು ಹೆಣ್ಣು ಗಂಡಿನ ಮೈಯನ್ನು ಆಸೆಯಿಂದ ನೋಡಿ ಬರೆದಾಗ ಮಾತ್ರ ಎಲೆ ಬೇಕಾಯಿತು! ನಿನ್ನ ಕರಡಿನಲ್ಲೂ ಎಲೆ ಇದೆ. ಆಕೆ ಆ ಗಂಡಸರನ್ನು ಈಗಲೂ ಎಷ್ಟು ಅಕ್ಕರೆಯಿಂದ ನೋಡುತ್ತಾಳೆ ಎಂಬುದನ್ನು ನೀನು ಮೋಸದ ಕಥೆಯಿಂದ ಮುಚ್ಚಿಬಿಟ್ಟಿದ್ದೀಯ.

'ಗಂಡಸುತನ' ಎಂಬ ಪದ ಹನ್ನೊಂದು ಸಲ ಬಂದಿದೆ. ಒಂದೆರಡು ಸಾಕು. ಚಿತ್ರಕ್ಕೆ ಕೂತ ಗಂಡಸು ಮೊದಲು ಎದೆ ಸೆಟೆಸುತ್ತಾನೆ, ದವಡೆ ಬಿಗಿಯುತ್ತಾನೆ. ಎಷ್ಟು ಹೊತ್ತು ಹಾಗಿರಲು ಸಾಧ್ಯ? ಭುಜ ಜಾರುತ್ತದೆ, ಹೊಟ್ಟೆ ಸಡಿಲವಾಗುತ್ತದೆ. ಅಮೆರಿಕದ ಕಲಾವಿದೆ ಆಲಿಸ್ ನೀಲ್ 1970ರಲ್ಲಿ ಅಲ್ಲಿನ ಹೆಸರಾಂತ ಕಲಾವಿದ ಆಂಡಿ ವಾರ್ಹೋಲ್‌ನನ್ನು ಬರೆದಿದ್ದು ನೋಡು. 1968ರಲ್ಲಿ ಅವನಿಗೆ ಗುಂಡೇಟು ಬಿದ್ದಿತ್ತು. ಅಂಗಿಯಿಲ್ಲ, ಮೈಮೇಲೆ ಹೊಲಿಗೆಯ ಗುರುತು, ಸೊಂಟಕ್ಕೆ ಬಿಗಿಪಟ್ಟಿ, ಕಣ್ಣು ಮುಚ್ಚಿದೆ. ಕೂತ ಮಂಚವನ್ನು ಗೆರೆಯಲ್ಲೇ ಬಿಟ್ಟಿದ್ದಾಳೆ. ಅವರಿಬ್ಬರ ನಡುವೆ ಪ್ರೇಮವೇನೂ ಇರಲಿಲ್ಲ, ಆದರೂ ಅಷ್ಟು ಹತ್ತಿರದಿಂದ ನೋಡಿದ್ದಾಳೆ.

ನಿನ್ನ ಕಲಾವಿದೆಯ ಎದುರಿಗೆ ಯಾರೂ ಕೂತಿಲ್ಲ, ನೆನಪೊಂದೇ. ಹಾಗಾಗಿ ಕೇಳು: ಮೊದಲು ನೆನಪಾಗಿದ್ದು ಏನು, ಮುಖವೋ ಕತ್ತಿನ ಹಿಂಭಾಗವೋ? ಯಾವುದನ್ನು ಕೆರೆದು ತೆಗೆದು ಮತ್ತೆ ಬರೆದರು? ಕಣ್ಣಿನ ಬಣ್ಣ ಮರೆತುಹೋಗಿದ್ದರೆ ಏನು ಮಾಡಿದರು? ಉತ್ತರ ಬರುವವರೆಗೆ ಸುಮ್ಮನಿರು, ನೀನೇ ಮಾತು ತುಂಬಬೇಡ.

ಇನ್ನು ಆ ಗಂಡಸರ ಹೆಸರು, ಗುರುತು ಎಲ್ಲ ತೆಗೆದುಹಾಕು. ಅವರ ಮಾತು ಕೇಳಲು ನೀನು ಹೋಗಿಲ್ಲ, ತೀರ್ಪು ಕೊಡುವ ಕೆಲಸ ನಿನಗೆ ಬೇಡ.

ಇನ್ನೊಮ್ಮೆ ಹೋಗಿ ಆ ಉಗುರಿನ ಬಗ್ಗೆ ಕೇಳಿ ಬಾ. ಅವನು ಕಚ್ಚುತ್ತಿದ್ದನೋ, ಅದು ಆಕೆಯ ಉಗುರೇ ಇರಬಹುದೋ? ತಿಳಿದ ದಿನವೇ ನನಗೆ ಬರಿ.

ಪ್ರೀತಿಯಿಂದ,
ನಿನ್ನ ಅಕ್ಕ